ಮೀನಿಲ್ಲದ ಡಬ್ಬಿ

ಕಳೆದ ಮಂಗಳವಾರ ಬೆಳಿಗ್ಗೆ ಮುಂಬೈ ಫೋರ್ಟಿನ ನಮ್ಮ ಬಿಲ್ಡಿಂಗಿನ ನಾಲ್ಕನೇ ಮಹಡಿಯಲ್ಲಿ ಲಿಫ್ಟಿನಿಂದ ಕಾಲು ಹೊರಗಿಡುತ್ತಲೇ ಮೀನಿನ ವಾಸನೆ ಮೂಗಿಗೆ ಬಡಿಯಿತು. ಹುರಿದ ಮೀನಿನದಲ್ಲ, ಸಾರಿನದೂ ಅಲ್ಲ. ಮಾರಾಟವಾಗದೆ ಸಂಜೆಯವರೆಗೆ ಬುಟ್ಟಿಯಲ್ಲೇ ಉಳಿದ ಮೀನಿನ ನಾತ. ಆ ಮಹಡಿಯ ಆಫೀಸಿನವರು ಆಗಲೇ ಮೇಜುಗಳ ಕೆಳಗೆ ಬಗ್ಗಿ ಬಗ್ಗಿ ನೋಡುತ್ತಿದ್ದರು. ಯಾರೋ ರೂಮ್ ಫ್ರೆಶ್‌ನರ್ ಹೊಡೆದು ನಾತಕ್ಕೆ ಮಲ್ಲಿಗೆ ಬೇರೆ ಮುಡಿಸಿದ್ದರು.

ನಾನು ಈ ಕಟ್ಟಡದ ಫೆಸಿಲಿಟಿ ಮ್ಯಾನೇಜರ್. ಎಸಿ, ಲಿಫ್ಟ್, ನೀರು, ಕರೆಂಟು, ಯಾವುದು ಕೈಕೊಟ್ಟರೂ ಬೈಸಿಕೊಳ್ಳುವವಳು ಎಂದರ್ಥ. ಮೇಜಿನ ಕೆಳಗೆ ಬಗ್ಗುವ ಗೋಜಿಗೆ ಹೋಗದೆ ನೇರವಾಗಿ ಕಾರಿಡಾರಿನ ಕೊನೆಗೆ ನಡೆದೆ. ಅಲ್ಲಿರುವ ಎಲೆಕ್ಟ್ರಿಕ್ ಪ್ಯಾನೆಲಿನ ಬಾಗಿಲಿಗೆ ಕೈಯ ಹಿಂಬದಿ ತಾಗಿಸಿದೆ. ಜ್ವರ ಬಂದ ಮಗುವಿನ ಹಣೆಯ ಹಾಗೆ ಸುಡುತ್ತಿತ್ತು. ಹೀಗೆ ಕೈ ಇಟ್ಟು ನೋಡುವುದನ್ನು ನನಗೆ ಕಲಿಸಿದವರು ವೈರ್‌ಮನ್ ಕಾಕಾ. ಆ ವಾಸನೆ ಏನೆಂದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದವರೂ ಅವರೇ...

ವರ್ಷಗಳ ಹಿಂದಿನ ಮಾತು. ಆಗ ನಾನು ಘಾಟ್ಕೋಪರಿನ ಒಂದು ಕಮರ್ಶಿಯಲ್ ಬಿಲ್ಡಿಂಗಿನಲ್ಲಿ ದೂರು ಬರೆದುಕೊಳ್ಳುವ ಕೆಲಸಕ್ಕೆ ಸೇರಿದ್ದೆ. ಬೊರಿವಲಿಯ ಮನೆಯಿಂದ ಲೋಕಲ್ ಹಿಡಿದು ಅಂಧೇರಿ, ಅಲ್ಲಿಂದ ಮೆಟ್ರೋ. ಮೂರನೇ ಮಹಡಿಯಲ್ಲಿ ಪ್ಯಾನೆಲ್ ರೂಮಿಗೆ ಅಂಟಿಕೊಂಡಂತೆ ಒಂದು ಗೂಡು, ಅದರಲ್ಲೊಂದು ಮೇಜು, ಒಂದು ಫೋನು, ಒಂದು ರಿಜಿಸ್ಟರು. ಎಸಿ ತಂಪಾಗುತ್ತಿಲ್ಲ, ಟ್ಯೂಬ್‌ಲೈಟ್ ಮಿಣಮಿಣ ಅನ್ನುತ್ತಿದೆ, ಗೋಡೆಯಿಂದ ನೀರು ಸೋರುತ್ತಿದೆ ಎಂದು ಜನ ಕಿರುಚುವುದು, ನಾನು ಬರೆಯುವುದು. ರಿಪೇರಿ ಮಾಡುವವರು ಕಾಕಾ. ವಿಜಯಪುರದ ಕಡೆಯವರು, ಆ ಬಿಲ್ಡಿಂಗಿನ ವೈರ್‌ಮನ್ ಆಗಿ ಮೂವತ್ತು ವರ್ಷ ಕಳೆದಿದ್ದವರು. ಟೆರೇಸಿನ ಮೇಲೆ ನೀರಿನ ಟ್ಯಾಂಕಿನ ಪಕ್ಕ ಬಿಲ್ಡಿಂಗಿನವರೇ ಕೊಟ್ಟ ಒಂದು ಖೋಲಿಯಲ್ಲಿ ಒಬ್ಬರೇ ಇದ್ದರು.

ಮೊದಲ ವಾರವೇ ನನ್ನ ರಿಜಿಸ್ಟರು ನೋಡಿ, ಕೈಯಲ್ಲಿದ್ದ ಟೆಸ್ಟರಿನಿಂದ ಮೇಜು ಕುಟ್ಟಿ ಕುಟ್ಟಿ ನಕ್ಕುಬಿಟ್ಟರು. "ಬರೇ ಎಸಿ ಖರಾಬ್ ಅಂತ ಬರದ್ರ ನಾ ಏನ್ ತಿಳ್ಕೊಳ್ಲಿ ಮಗಳ? ಎಂದಿಂದ ಅಂತ ಕೇಳು. ಹೊಸದೇನರ ಹಚ್ಚೀರೇನು ಅಂತ ಕೇಳು. ಗ್ಯಾಸ್ ಖಾಲಿ ಆಗೇತಿ ಅಂತ ಒದರಿದ್ರ, ಮೊದ್ಲ ಫಿಲ್ಟರ್ ತಗದು ತೊಳೀರಿ ಅನ್ನು."

ಹಾಗೆ ಕಲಿತೆ. ಎಸಿಯಿಂದ ನೀರು ತೊಟ್ಟಿಕ್ಕಿದರೆ ನೀರು ಹೊರಹೋಗುವ ಪೈಪು ಕಟ್ಟಿದೆಯೇ ನೋಡಬೇಕು. ಬೇಸಿಗೆ ಏರುವ ಮೊದಲೇ ಪ್ಯಾನೆಲಿನ ಸ್ಕ್ರೂಗಳನ್ನೆಲ್ಲ ಬಿಗಿ ಮಾಡಿಸಬೇಕು. ಹೊಸ ಯಂತ್ರ ತಂದವರು ಹಳೇ ಸ್ವಿಚ್ಚಿಗೇ ಸಿಕ್ಕಿಸಲು ಹೊರಟರೆ ಕೈಹಿಡಿದು ನಿಲ್ಲಿಸಬೇಕು. ಈ ಕೊನೆಯ ಮಾತು ಬಂದರೆ ಕಾಕಾಗೆ ಎಲ್ಲಿಲ್ಲದ ಸಿಟ್ಟು. "ಮಂದಿ ಇರ್ತಾರ, ಜ್ವಾಕಿ, ಇದು ಆಟ ಅಲ್ಲ" ಎಂದು ಟೆಸ್ಟರಿನಿಂದ ನನ್ನ ಮೇಜು ಕುಟ್ಟುತ್ತಿದ್ದರು.

ಮಧ್ಯಾಹ್ನದ ಊಟ ನನ್ನ ಗೂಡಿನಲ್ಲೇ, ಇಬ್ಬರದೂ ಜೊತೆಗೆ. ಅವರು ಜೋಳದ ರೊಟ್ಟಿ, ಶೇಂಗಾ ಚಟ್ನಿ ತರುತ್ತಿದ್ದರು. ನನ್ನ ಡಬ್ಬಿಯಲ್ಲಿ ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಹುಳಿ, ಅಲಸಂದೆ ಗಸಿ. ನಾವು ಉಡುಪಿ ಕಡೆಯವರು, ಮೀನಿಲ್ಲದೆ ನಮ್ಮ ಮನೆಯಲ್ಲಿ ಅಡುಗೆಯೇ ಮುಗಿಯುವುದಿಲ್ಲ. ಆದರೆ ಕಾಕಾ ಮೀನು ಮುಟ್ಟುವವರಲ್ಲ, ನನ್ನ ಹುಳಿಗೋ ಕೈ ಹಾಕದೆ ಬಿಡುವವರಲ್ಲ. ಅವರು ಕೈಯಿಡುವ ಡಬ್ಬಿಗೆ ಮೀನು ಬೇಡವೆಂದು ನಾನೇ ಅಮ್ಮನಿಗೆ ಹೇಳಿಬಿಟ್ಟೆ. "ನಿಂಗೆ ಆ ಮುದುಕರ ಮೇಲೆ ಅಪ್ಪನಿಗಿಂತ ಹೆಚ್ಚು ಪ್ರೀತಿ ಉಂಟು" ಎಂದು ಅಮ್ಮ ಗೊಣಗಿದಳು. ಇತ್ತು, ಇಲ್ಲವೆನ್ನಲಾರೆ. ಆರು ವರ್ಷ ನನ್ನ ಡಬ್ಬಿಗೆ ಒಂದು ಮೀನಿನ ಮುಳ್ಳೂ ಬೀಳಲಿಲ್ಲ. ಅದು ಕಾಕಾಗೆ ಗೊತ್ತಿತ್ತು. ಗೊತ್ತಾದ ದಿನ "ನನ್ನ ಸಲುವಾಗಿ ಬಾಯಿ ಕಟ್ಟೀಯಲ್ಲ ಮಗಳ" ಎಂದು ತಲೆ ಸವರಿದ್ದರು.

ಆರನೇ ವರ್ಷದ ಏಪ್ರಿಲಿನ ಒಂದು ಸೋಮವಾರ ನಮ್ಮ ಮಹಡಿಯಲ್ಲಿ ಮೀನಿನ ವಾಸನೆ ಶುರುವಾಯಿತು. ಹೆಚ್ಚಿನ ಆಫೀಸುಗಳವರು ಪಕ್ಕಾ ಸಸ್ಯಾಹಾರಿಗಳು. ಮೊದಲ ದಿನ ಅಗರಬತ್ತಿ ಹಚ್ಚಿದರು. ಎರಡನೇ ದಿನ ಇಲಿ ಸತ್ತಿದೆಯೆಂದು ಕಪಾಟು ಸರಿಸಿದರು. ಮೂರನೇ ದಿನ ಕಣ್ಣುಗಳೆಲ್ಲ ನನ್ನ ಕಡೆ ತಿರುಗಿದವು. ಆ ಮಹಡಿಯಲ್ಲಿ ಮೀನು ತಿನ್ನುವ ಊರಿನವಳು ನಾನೊಬ್ಬಳೇ ತಾನೆ!

ನಾನು ಕಾಕಾ ಕಲಿಸಿದಂತೆಯೇ ಮಾಡಿದೆ. ರಿಜಿಸ್ಟರಿನಲ್ಲಿ ದೂರು ಬರೆದೆ, ಎಂದಿನಿಂದ ಎಂದು ಕೇಳಿದೆ, ಹೊಸದೇನು ಹಾಕಿದ್ದೀರಿ ಎಂದು ಕೇಳಿದೆ. ಕೊನೆಯ ಆಫೀಸಿನವರು ಹಿಂದಿನ ಶನಿವಾರ ಎರಡು ದೊಡ್ಡ ಎಸಿ ಕೂರಿಸಿದ್ದರು. "ಕಾಕಾ, ಅದರದ್ದೇನಾದ್ರೂ ಉಂಟಾ ನೋಡಿ" ಎಂದೆ. ಅವರು ಪ್ಯಾನೆಲ್ ರೂಮಿಗೆ ಹೋದರು, ಬಂದರು. "ನೋಡೇನಿ, ಎಲ್ಲಾ ಬರೋಬ್ಬರಿ ಐತಿ" ಎಂದರು. ನನ್ನ ಮುಖ ನೋಡಲಿಲ್ಲ. ಅದೂ ನನಗೆ ಆಮೇಲೆ ನೆನಪಾದದ್ದು. ಆ ಹೊತ್ತಿಗೆ ಕಾಕಾ ಹೇಳಿದರೆ ಮುಗಿಯಿತು ಎಂದುಕೊಂಡವಳು ನಾನು.

ಗುರುವಾರ ಊಟದ ಹೊತ್ತಿಗೆ ಬಿಲ್ಡಿಂಗಿನ ಸೆಕ್ರೆಟರಿಯೇ ನನ್ನ ಗೂಡಿನ ಬಾಗಿಲಿಗೆ ಬಂದು ನಿಂತರು. ಹಿಂದೆ ಹತ್ತಾರು ಜನ. "ಮ್ಯಾಡಮ್, ಡಬ್ಬಾ ಖೋಲಿಯೇ" ಎಂದರು. ಅಷ್ಟು ಜನರ ಎದುರಿಗೆ ನನ್ನ ಡಬ್ಬಿ ಬಿಚ್ಚಿದೆ. ಅನ್ನ, ಹುಳಿ, ಬೀಟ್‌ರೂಟ್ ಪಲ್ಯ. ಇವತ್ತಿಲ್ಲ, ಮೂರು ದಿನ ತಂದದ್ದೇನು ಎಂದು ಕೇಳಿದರು. ಅದಕ್ಕೆ ನಾನೇನು ತೋರಿಸಲಿ? ಎದುರಿಗೆ ರೊಟ್ಟಿ ಹಿಡಿದು ಕೂತಿದ್ದ ಕಾಕಾ ಕಡೆ ಬೊಟ್ಟು ಮಾಡಿದೆ. ಇವರನ್ನು ಕೇಳಿ, ಆರು ವರ್ಷದಿಂದ ದಿನಾ ಇದೇ ಡಬ್ಬಿಯಲ್ಲಿ ಉಣ್ಣುತ್ತಾರೆ ಎಂದೆ. ಅಬ್ಬ, ಬದುಕಿದೆ ಎಂದೇ ನನ್ನ ಲೆಕ್ಕ.

ಸೆಕ್ರೆಟರಿ ಅವರ ಕಡೆ ತಿರುಗಿದರು. ಕಾಕಾ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತುತ್ತಾ, "ಮೇರೇಕೋ ಕ್ಯಾ ಮಾಲೂಮ್ ಸಾಬ್, ಇಸ್ಕೇ ಡಬ್ಬೇ ಮೇ ಕ್ಯಾ ಹೈ" ಎಂದರು. ಇವಳ ಡಬ್ಬಿಯಲ್ಲಿ ಏನಿದೆಯೋ ನನಗೇನು ಗೊತ್ತು ಸಾಹೇಬರೇ ಎಂದು! ನನ್ನ ಮನೆಯ ಹುಳಿಯ ಹಳದಿ ಅವರ ಬೆರಳಲ್ಲಿ ಇನ್ನೂ ಇತ್ತು. ವೈರಿಂಗಿನದೇನಾದರೂ ತೊಂದರೆಯೇ ಎಂದು ಕೇಳಿದರೆ ಅದಕ್ಕೂ ತಲೆಯಾಡಿಸಿ ಇಲ್ಲವೆಂದರು.

ನನಗೆ ಅಳು ಬರಲಿಲ್ಲ. ನಾಳೆಯಿಂದ ಬರುವುದು ಬೇಡ ಎಂದು ಸೆಕ್ರೆಟರಿ ಹೇಳಿದ್ದು ಎಲ್ಲೋ ದೂರದಿಂದ ಕೇಳಿತು. ಡಬ್ಬಿ ಮುಚ್ಚಿಕೊಂಡು ಹೊರಟೆ. ಮೆಟ್ಟಿಲಲ್ಲಿ ಒಬ್ಬ ಹೆಂಗಸು ನನಗೆ ದಾರಿ ಬಿಡುವಾಗ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಇವತ್ತಿಗೂ ನೆನೆದರೆ ಮೈಯೆಲ್ಲ ಉರಿಯುತ್ತದೆ.

ಶನಿವಾರ ಮಧ್ಯಾಹ್ನ, ಎಲ್ಲ ಎಸಿಗಳೂ ಒಟ್ಟಿಗೆ ಓಡುವ ಹೊತ್ತಿನಲ್ಲಿ, ಆ ಪ್ಯಾನೆಲ್ ಸುಟ್ಟುಹೋಯಿತು. ಮೂರನೇ ಮಹಡಿ ತುಂಬ ಹೊಗೆ. ಜನ ಕೆಮ್ಮುತ್ತಾ ಕೆಳಗಿಳಿದರಂತೆ, ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಫೋನ್ ಮಾಡಿ ಹೇಳಿದ್ದು ಅಲ್ಲಿಯ ವಾಚ್‌ಮನ್. ಕಾಕಾ ಎಡೆಬಿಡದೆ ಕೆಲಸ ಮಾಡಿ ಸೋಮವಾರದೊಳಗೆ ಕರೆಂಟು ಬರಿಸಿದರು, ಸೆಕ್ರೆಟರಿ ಅವರಿಗೆ ಶಾಲು ಹೊದಿಸಿದರು ಎಂದೂ ಹೇಳಿದ. ಶಾಲು! ನನಗೆ ಮಾತ್ರ ಯಾರೂ ಫೋನ್ ಮಾಡಿ ತಪ್ಪಾಯಿತು ಎನ್ನಲಿಲ್ಲ.

ಆಗಲೂ ನನಗೆ ಪೂರ್ತಿ ಹೊಳೆದಿರಲಿಲ್ಲ ನೋಡಿ. ಕಾಕಾಗೆ ನಿಜಕ್ಕೂ ಗೊತ್ತಾಗಿಲ್ಲವೇನೋ ಎಂದು ನನ್ನ ಮನಸ್ಸು ಅವರ ಪರ ವಾದಿಸುತ್ತಲೇ ಇತ್ತು. ಬೇರೆ ಕೆಲಸ ಹಿಡಿದೆ, ಜೊತೆಗೆ ಕಟ್ಟಡ ನಿರ್ವಹಣೆಯ ಒಂದು ಕೋರ್ಸಿಗೂ ಸೇರಿದೆ. ಅಲ್ಲಿ ಒಂದು ದಿನ ಮೇಷ್ಟ್ರು, ಮೀನಿಲ್ಲದ ಕಡೆ ಮೀನು ನಾತ ಬಂದರೆ ಮೊದಲು ಪ್ಯಾನೆಲ್ ತೆಗೆಸಿ ನೋಡಿ, ಹಳೇ ಸ್ವಿಚ್ಚಿನ ಬೇಕಲೈಟ್ ಎಂಬ ಪ್ಲಾಸ್ಟಿಕ್ ಕಾದರೆ ಹಾಗೇ ನಾರುತ್ತದೆ, ಹೊಸ ವೈರ್‌ಮನ್‌ಗೂ ಇದು ಗೊತ್ತು ಎಂದು ಹೇಳಿ ಮುಂದಿನ ಪಾಠಕ್ಕೆ ಹೋದರು. ನನ್ನ ಪೆನ್ನು ಅಲ್ಲೇ ನಿಂತಿತು. ಹೊಸಬನಿಗೂ ಗೊತ್ತು. ಮೂವತ್ತು ವರ್ಷ ವೈರಿಂಗ್ ಮಾಡಿದವರಿಗೆ...

ಆಮೇಲೆ ಕಾಕಾ ಸಿಕ್ಕಿದ್ದು ಒಂದೇ ಸಲ. ಘಾಟ್ಕೋಪರ್ ಸ್ಟೇಶನ್ನಿನ ಬ್ರಿಜ್ಜಿನ ಮೇಲೆ, ಸಂಜೆಯ ನೂಕುನುಗ್ಗಲಿನಲ್ಲಿ. ಎರಡು ಹೆಜ್ಜೆ ಮುಂದೆ ಹೋದವರು ತಿರುಗಿ ಬಂದು, "ಊಟ ಆತೇನ್ ಮಗಳ?" ಎಂದರು. ಸಂಜೆ ಆರಕ್ಕೆ! ಆಮೇಲೆ ಕಂಬಿ ಹಿಡಿದು, ಕೆಳಗಿನ ಹಳಿ ನೋಡುತ್ತಾ ಹೇಳಿದರು.

"ಆ ಎರಡೂ ಎಸಿ ಹಳೇ ಸ್ವಿಚ್ಚಿಗೆ ಹಚ್ಚಿದಾಂವ ನಾನ. ಸೆಕ್ರೆಟರಿ ಗಡಿಬಿಡಿ ಮಾಡಿದ, ಹಚ್ಚಿಬಿಟ್ಟೆ. ಖರೇ ಹೇಳಿದ್ರ ನೌಕರಿ ಹೋಗ್ತಿತ್ತು, ಖೋಲಿನೂ ಹೋಗ್ತಿತ್ತು. ಈ ವಯಸ್ಸಿನಾಗ ಎಲ್ಲಿಗೆ ಹೋಗ್ಲಿ ನಾ? ಐತವಾರ ಲೈನ್ ಬಂದ್ ಮಾಡಿ ಸದ್ದಿಲ್ಲದ ಬದಲಿ ಮಾಡೂಣಂತಿದ್ದೆ. ಅದರ ಮೊದ್ಲ ಸುಟ್ಟಿತು."

ಆ ಮಾತು ನನಗೆ ನಾಟಿದ್ದು ಒಂದು ಕ್ಷಣ ತಡವಾಗಿ. ಭಾನುವಾರ ಬದಲಿಸಿದ್ದರೆ ಸೋಮವಾರದಿಂದ ವಾಸನೆ ಇರುತ್ತಿರಲಿಲ್ಲ. ನಾನಿಲ್ಲದ ಸೋಮವಾರದಿಂದ! ನೋಡಿ, ಅವಳು ಹೋದಳು, ನಾತವೂ ಹೋಯಿತು ಎಂದು ಆ ಬಿಲ್ಡಿಂಗು ಎಂದೆಂದಿಗೂ ಆಡಿಕೊಳ್ಳುತ್ತಿತ್ತು. ಅದೂ ಅವರಿಗೆ ಹೊಳೆದಿರಲೇಬೇಕು.

"ನಂಗೆ ಒಬ್ಬಳಿಗಾದ್ರೂ ಹೇಳ್ಬಹುದಿತ್ತಲ್ಲ ಕಾಕಾ?" ಎಂದೆ. "ನಾನು ಬಾಯಿ ಬಿಡ್ತಿದ್ದೆನಾ? ನಾನೇ ಮೀನು ತಂದದ್ದು ಅಂತ ಹೇಳಿ ಹೋಗ್ತಿದ್ದೆ."

ನಿಜ, ಹೋಗುತ್ತಿದ್ದೆ. ಅಷ್ಟು ಹುಚ್ಚು ಪ್ರೀತಿ ಅದು. ಅವರು ಬಾಯಿ ತೆರೆದರು, ಕೆಳಗೆ ಗಾಡಿ ಬಂತು, ಜನ ನಮ್ಮಿಬ್ಬರ ನಡುವೆ ನುಗ್ಗಿದರು. ಕರೆದರೇನೋ... ನಾನು ತಿರುಗಿ ನೋಡಲಿಲ್ಲ.

ಹೋದ ವರ್ಷ ವಾಚ್‌ಮನ್ ಮತ್ತೆ ಫೋನ್ ಮಾಡಿದ. ಕಾಕಾ ಅದೇ ಖೋಲಿಯಲ್ಲಿ ತೀರಿಕೊಂಡರಂತೆ. ಫೋನಿಟ್ಟು ಎಸಿ ಸರ್ವಿಸಿನ ಪಟ್ಟಿ ಎಳೆದುಕೊಂಡು ಕೂತೆ. ಒಂದಕ್ಷರ ತಲೆಗೆ ಹೋಗಲಿಲ್ಲ. ಮಣ್ಣಿಗೂ ಹೋಗಲಿಲ್ಲ ನಾನು.

ಕಳೆದ ಮಂಗಳವಾರ ಫೋರ್ಟಿನ ಆ ಪ್ಯಾನೆಲಿನ ಮೇನ್ ಆಫ್ ಮಾಡಿಸಿ ತೆರೆಸಿದಾಗ ಒಂದು ಸ್ವಿಚ್ಚು ಅರ್ಧ ಕಪ್ಪಾಗಿತ್ತು. ಹೊಸದು ತರಲು ಕಳಿಸಿ ಆಫೀಸಿನೊಳಗೆ ಬಂದೆ. ಎಲ್ಲರೂ ಒಂದು ಮೂಲೆಯ ಕಡೆ ನೋಡುತ್ತಿದ್ದರು. ಅಲ್ಲಿ ರತ್ನಾಗಿರಿ ಕಡೆಯಿಂದ ಬಂದು ಹೊಸದಾಗಿ ಸೇರಿದ ಹೆಂಗಸು, ಡಬ್ಬಿಯ ಚೀಲವನ್ನು ಎರಡೂ ಕೈಯಲ್ಲಿ ಮಡಿಲಿಗೆ ಅವುಚಿಕೊಂಡು ಕೂತಿದ್ದಳು. ಯಾರೂ ಬಿಚ್ಚು ಎಂದು ಇನ್ನೂ ಹೇಳಿರಲಿಲ್ಲ.

ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ, ವಾಸನೆ ಯಾರ ಡಬ್ಬಿಯದ್ದೂ ಅಲ್ಲ, ಪ್ಯಾನೆಲ್ ಸುಡುತ್ತಿತ್ತು ಎಂದು. ಒಂದು ಉಸಿರಿನ ಮಾತು. ಇಷ್ಟೇ ಕಾಕಾ, ಇಷ್ಟೇ ಹೇಳಬೇಕಿತ್ತು ನೀವು.

ಜನ ಚದುರಿದ ಮೇಲೆ ಆಕೆ ನನ್ನ ತೋಳು ಹಿಡಿದು ಕಿವಿಯಲ್ಲಿ ಉಸುರಿದಳು. "ಮ್ಯಾಡಮ್, ಪಣ್ ಮೀ ಖರಂಚ್ ಬೋಂಬಿಲ್ ಆಣ್ಲೇತ್." ಆದರೆ ಮ್ಯಾಡಮ್, ನಾನು ನಿಜವಾಗಿಯೂ ಬೊಂಬಿಲ್ ಮೀನು ತಂದಿದ್ದೇನೆ!

ನಗು ತಡೆಯಲಾಗದೆ ಕಾರಿಡಾರಿಗೆ ಓಡಿದೆ. ಪ್ಯಾನೆಲಿನ ಪಕ್ಕ ಗೋಡೆಗೊರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಇದನ್ನು ಯಾರಿಗಾದರೂ ಈಗಲೇ ಹೇಳಬೇಕು ಅನಿಸಿತು. ಬೇಕಲೈಟು, ಬೊಂಬಿಲು, ಡಬ್ಬಿ, ಎಲ್ಲ ಅರ್ಥವಾಗಿ, ಟೆಸ್ಟರಿನಿಂದ ಮೇಜು ಕುಟ್ಟಿ ನಗುವಂಥ ಒಬ್ಬರಿಗೆ. ಫೋನ್ ತೆಗೆದು ಹೆಸರುಗಳನ್ನು ಸರಿಸುತ್ತಾ ಹೋದೆ... ಹಾಗೆ ನಗುತ್ತಿದ್ದವರು ಒಬ್ಬರೇ ಇದ್ದರು.