ಐದೂವರೆ ಬಸ್ಸಿನ ಶುಭಂ

ಹಳೆಯ ಚಿತ್ರಗಳನ್ನು ನಿರ್ದೇಶಕರು ತಿದ್ದಿ ಮತ್ತೆ ಬಿಡುಗಡೆ ಮಾಡುವುದು ಸರಿಯೇ ಎಂದು ಪತ್ರಿಕೆಗಳಲ್ಲಿ ದೊಡ್ಡವರು ಕಿತ್ತಾಡುತ್ತಾರೆ. ಕಡೂರಿನ ತೀರ್ಥಪ್ಪನನ್ನು ಯಾರೂ ಕೇಳಲಿಲ್ಲ. ಕೇಳಬೇಕಿತ್ತು. ಇಪ್ಪತ್ತೆಂಟು ವರ್ಷ ಟಾಕೀಸಿನಲ್ಲಿ ರೀಲು ಓಡಿಸುವ ಆಪರೇಟರ್ ಆಗಿದ್ದವನು. ನಿರ್ದೇಶಕರಿಗಿಂತ ಹೆಚ್ಚು ಚಿತ್ರಗಳನ್ನು ಅವನೇ ತಿದ್ದಿದ್ದಾನೆ.

ನಲವತ್ತು ವರ್ಷದ ಹಿಂದೆ ದೇವನೂರಿಗೆ ಕೊನೆಯ ಬಸ್ಸು ಐದೂವರೆಗೆ. ಮ್ಯಾಟ್ನಿ ಮುಗಿಯುವುದು ಐದೂಮುಕ್ಕಾಲಿಗೆ. ಹಳ್ಳಿಯವರು ಪ್ರೊಜೆಕ್ಟರ್ ಕ್ಯಾಬಿನ್ನಿನ ಬಾಗಿಲು ಬಡಿದು ಬೇಗ ಮುಗಿಸೆಂದು ಗೋಗರೆಯುತ್ತಿದ್ದರು. ಪಾಪ ಅನ್ನಿಸಿ ತೀರ್ಥಪ್ಪ, ಅಕ್ಕ-ತಮ್ಮನ ಕತೆಯ ಒಂದು ಚಿತ್ರದಲ್ಲಿ, ತಮ್ಮ ಮುನಿಸಿಕೊಂಡು ಮನೆ ಬಿಡುವಲ್ಲಿಗೇ 'ಶುಭಂ' ಅಂಟಿಸಿಬಿಟ್ಟ. ಆ ತಮ್ಮ ತಿರುಗಿ ಬಂದು ಅಕ್ಕನ ಹೊಸ್ತಿಲಲ್ಲಿ ಕೂರುವ ಕೊನೆಯ ರೀಲು ಡಬ್ಬಿಯಲ್ಲೇ ಉಳಿಯಿತು. ಪ್ರತಿ ಆಟಕ್ಕೂ ಬಿಡಿಸಿ ಅಂಟಿಸುವುದು ಯಾರ ಕೈಲಾದೀತು? ಚಿತ್ರ ಇದ್ದ ಮೂರು ವಾರವೂ ಹಾಗೆಯೇ ಓಡಿತು.

ದೇವನೂರಿನ ಲಕ್ಕಣ್ಣ, ತೀರ್ಥಪ್ಪನ ಗೆಳೆಯ, ಅದನ್ನು ಆರು ಸಲ ನೋಡಿದ್ದ. ಅವನೂ ಹೊಲದ ಪಾಲಿನ ಜಗಳದಲ್ಲಿ ಅಜ್ಜಂಪುರದ ಅಕ್ಕನ ಜೊತೆ ಮಾತು ಬಿಟ್ಟಿದ್ದ. ಯಾರಾದರೂ ಬುದ್ಧಿ ಹೇಳಿದರೆ, "ಸಿನಿಮಾದೋನೇ ವಾಪಸ್ ಹೋಗ್ಲಿಲ್ಲ, ನಾನ್ಯಾಕ್ ಹೋಗ್ಲಿ?" ಎನ್ನುತ್ತಿದ್ದ. ತೀರ್ಥಪ್ಪ ಕೇಳಿಸಿಕೊಂಡು ಸುಮ್ಮನಿರುತ್ತಿದ್ದ. ಮಾಲೀಕರಿಗೆ ತಿಳಿದರೆ ಕೆಲಸ ಹೋಗುತ್ತದೆಂಬ ಹೆದರಿಕೆ ಮೊದಮೊದಲು; ಆಮೇಲೆ ಟಾಕೀಸೇ ಮುಚ್ಚಿತು, ಹೇಳದಿರುವುದು ಅಭ್ಯಾಸವಾಯಿತು. ಹೋದ ವರ್ಷ ಲಕ್ಕಣ್ಣನ ಆ ಅಕ್ಕ ಅಂಜಿನಮ್ಮ, ತಮ್ಮನ ಜೊತೆ ಮಾತಿಲ್ಲದೆಯೇ ತೀರಿಕೊಂಡಳು.

ಮೊನ್ನೆ ಅದೇ ಚಿತ್ರ 'ಹೊಸ ಬಣ್ಣ, ಹೊಸ ರೂಪ' ಎಂದು ತರೀಕೆರೆಗೆ ಬಂತು. ಇಬ್ಬರೂ ಹೋದರು. ಕೊನೆಗೆ ತಮ್ಮ ಬಂದು ಹೊಸ್ತಿಲಲ್ಲಿ ಕೂತಾಗ ಲಕ್ಕಣ್ಣ ಎದ್ದು ಹೊರಗೆ ನಡೆದುಬಿಟ್ಟ.

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಕೂಗಾಡಿದ: "ಆ ಡೈರೆಕ್ಟರು ಕೆಡಿಸಿಬಿಟ್ಟವ್ನೆ ಕಣೋ! ಹಳೇದನ್ನ ತಿದ್ದಾಕೆ ಇವನ್ಯಾರು?"

ಹೌದಪ್ಪಾ ಅಂದಿದ್ದರೆ ಮುಗಿಯುತ್ತಿತ್ತು. 'ಹೊಸ ರೂಪ' ಎಂದ ಪೋಸ್ಟರೇ ಸಾಕ್ಷಿಗಿತ್ತು. ಆದರೆ ತೀರ್ಥಪ್ಪನಿಗೆ ಬಚ್ಚಿಟ್ಟು ಬಚ್ಚಿಟ್ಟು ಸಾಕಾಗಿತ್ತು.

"ಅವ್ರು ಬಣ್ಣ ಹಚ್ಚವ್ರೆ, ಅಷ್ಟೇ. ಅವ್ನು ಆವಾಗ್ಲೂ ವಾಪಸ್ ಬಂದಿದ್ದ ಕಣೋ. ನಾನೇ ತೋರಿಸ್ಲಿಲ್ಲ, ನಿಮ್ ಬಸ್ಸಿಗೆ ಹೊತ್ತಾಯ್ತದೆ ಅಂತ."

ಲಕ್ಕಣ್ಣ ಹೊಡೆಯುತ್ತಾನೆ ಎಂದುಕೊಂಡ ತೀರ್ಥಪ್ಪ. ಹೊಡೆದಿದ್ದರೆ ಮನಸ್ಸು ಹಗುರಾಗುತ್ತಿತ್ತು. ಲಕ್ಕಣ್ಣ ಟವೆಲ್ಲಿನ ತುದಿ ತಿರುವಿದ.

"ಬಾಗ್ಲು ಬಡೀತಿದ್ದೋನು ನಾನೇ ಅಲ್ವೇನೋ," ಅಂದ. "ಬೇಗ ಮುಗಿಸೋ, ಬಸ್ ಹೋಯ್ತದೆ ಅಂತ."

ಕಡೂರಿಗೆ ಹೋಗುವ ಬಸ್ಸು ಬಂತು, ಹಾರನ್ ಹೊಡೆದು ಹೋಯಿತು. ಇಬ್ಬರೂ ಏಳಲಿಲ್ಲ.