ಸುಬ್ಬಕ್ಕನ ಜಗುಲಿ ಖಾಲಿಯಾದದ್ದು

ಸುಬ್ಬಕ್ಕನ ಜಗುಲಿ ಶಾಲೆ ಮುಚ್ಚಿದ್ದು ಅವಳ ಮೂರ್ಛೆರೋಗದಿಂದಲ್ಲ, ನನ್ನಿಂದ. ಹೊಸೂರಿನ ನಮ್ಮ ಬೀದಿಯಲ್ಲಿ ಈಗಲೂ ಬೇರೆಯೇ ಹೇಳುತ್ತಾರೆ—ಆ ಬೇರೆ ಕಥೆ ಕಟ್ಟಿಕೊಟ್ಟವನೂ ನಾನೇ.

ನಾನು ಅಣಕಿಸದವರು ಯಾರೂ ಇರಲಿಲ್ಲ. ತಾಸಿಲ್ದಾರರ ಕೆಮ್ಮು, ಬಾಗಲೂರು ಬಳೆಗಾರನ ಮೂರು ಭಾಷೆಯ ಕೂಗು, ಕನ್ನಡಿ ಮುಂದೆ ಮೀಸೆ ಹುಡುಕುವ ನನ್ನದೇ ಮೋರೆ—ಎಲ್ಲ ಬರುತ್ತಿತ್ತು. ಸುಬ್ಬಕ್ಕ ನನ್ನ ದೊಡ್ಡಪ್ಪನ ಮಗಳು. ಮೂರ್ಛೆ ಬರುತ್ತದೆಂದು ಗಂಡನ ಮನೆಯವರು ತವರಿಗೆ ಬಿಟ್ಟುಹೋದ ಮೇಲೆ, ಜಗುಲಿಯಲ್ಲಿ ಚಿಕ್ಕ ಮಕ್ಕಳಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದಳು. ಮಕ್ಕಳ ಮನೆಯವರು ಕೊಡುವ ರಾಗಿಯಿಂದಲೇ ಅವಳಿಗೂ ದೊಡ್ಡಮ್ಮನಿಗೂ ಊಟ. ಯುದ್ಧದ ಕಾಲ ಬೇರೆ, ಕಾಳಿಗೂ ಬರ.

ಅವಳು ಬಿದ್ದಾಗ ದೊಡ್ಡಮ್ಮ ಪಕ್ಕಕ್ಕೆ ಹೊರಳಿಸಿ, ತಲೆಯಡಿ ಹಳೇ ಸೀರೆ ಮಡಿಸಿಟ್ಟು, ಬಾಯಿಯ ನೊರೆ ಒರೆಸುತ್ತ ಸುಮ್ಮನೆ ಕಾಯುತ್ತಿದ್ದಳು. ನೊರೆ ತಾಗಿದರೆ ರೋಗ ಅಂಟುತ್ತದೆ ಎನ್ನುತ್ತಿತ್ತು ಬೀದಿ. ಅಷ್ಟು ವರ್ಷ ಒರೆಸಿದ ದೊಡ್ಡಮ್ಮನಿಗೆ ಏನೂ ಅಂಟಿರಲಿಲ್ಲ. ಅದು ನನಗೆ ಗೊತ್ತಿತ್ತು—ಗೊತ್ತಿದ್ದೂ ನಾನು ದೂರ ನಿಂತು ನೋಡುತ್ತಿದ್ದದ್ದು ಕೈಕಾಲು ಹೇಗೆ ಅದುರುತ್ತವೆ ಎಂಬುದನ್ನಷ್ಟೇ.

ಒಂದು ದಿನ ಅವಳು ನೀರಿಗೆ ಹೋಗಿದ್ದಾಗ ಮಕ್ಕಳೆದುರು ಅದನ್ನು ಆಡಿ ತೋರಿಸಿದೆ. ಬಿದ್ದು ಬಿದ್ದು ನಕ್ಕವು. “ಇನ್ನೊಂದ್ಸಲ ಅಣ್ಣೋ!”

ಮರುದಿನ ಅವಲಪಲ್ಲಿಯ ಮುನಿಯಮ್ಮ ಮಗನನ್ನು ಕರೆದೊಯ್ಯಲು ಬಂದಾಗ ಸುಬ್ಬಕ್ಕ ಒಳಗಿದ್ದಳು; ಅವನೂ ಇನ್ನು ಕೆಲವು ಮಕ್ಕಳೂ ಎಂಜಲಿನ ನೊರೆ ಮಾಡಿಕೊಂಡು ಜಗುಲಿಯ ಮೇಲೆ ಅದುರುವ ಆಟ ಆಡುತ್ತಿದ್ದರು.

“ಅಯ್ಯಯ್ಯೋ, ಮೇಷ್ಟ್ರಮ್ಮನ ಕಾಯ್ಲೆ ಮಕ್ಳಿಗೆಲ್ಲಾ ಅಂಟ್ಕಂಬುಡ್ತಲ್ಲಪ್ಪೋ!”

ಏಟಿಗೆ ಹೆದರಿ ಮಕ್ಕಳು ಬಾಯಿ ಬಿಡಲಿಲ್ಲ. ನಾನು—ನಾನೂ. ಸುಬ್ಬಕ್ಕ ದಿನಾ ಮರಳು ಹರಡಿಕೊಂಡು ಕೂರುತ್ತಿದ್ದಳು. ಒಂದು ಮಗುವೂ ಬರುತ್ತಿರಲಿಲ್ಲ.

ಕೊನೆಗೆ ತಡೆಯಲಾರದೆ ಮುನಿಯಮ್ಮನನ್ನೂ ಉಳಿದವರನ್ನೂ ಕರೆದು ಒಪ್ಪಿಕೊಂಡೆ. “ಕಾಯ್ಲೆ ಅಲ್ಲ ಕಣಕ್ಕಾ, ನಾನೇ ಕಲ್ಸಿದ್ದು.” ಯಾರೂ ನಂಬಲಿಲ್ಲ. ಸರಿ, ನೋಡಿ ಎಂದು ಅಲ್ಲೇ ಬಿದ್ದು ಆಡಿ ತೋರಿಸಿದೆ—ಬಹಳ ಚೆನ್ನಾಗಿ. ಅದೇ ಎಡವಟ್ಟಾಯಿತು.

“ಇವ್ನಿಗೂ ಬಂದ್ಬುಡ್ತು! ಕಬ್ಣ ತತ್ತಾರ್ಲಾ!”

ಯಾರೋ ಕುಡುಗೋಲನ್ನು ನನ್ನ ಮುಷ್ಟಿಗೆ ತುರುಕಿದರು. ಚುಚ್ಚಿತು. ಚಂಗನೆ ಎದ್ದು ಕೂತೆ.

“ನೋಡ್ದಾ? ಕಬ್ಣ ಕೊಟ್ಟೇಟ್ಗೇ ನಿಂತೋಯ್ತು!”

ಒಂದು ಸುಳ್ಳನ್ನು ಅಳಿಸಲು ಹೋಗಿ ಎರಡಕ್ಕೆ ಸಾಕ್ಷಿಯಾಗಿದ್ದೆ. ಆಮೇಲೆ ಎಷ್ಟು ಆಣೆ ಇಟ್ಟರೂ ಅವರಿಗೆ ಅದು ನನ್ನ ಇನ್ನೊಂದು ಅಣಕ. ನಾನೂ ಎರಡೇ ದಿನಕ್ಕೆ ಹೇಳುವುದನ್ನು ಬಿಟ್ಟೆ—ಇದಕ್ಕೆ ನೆಪ ಹುಡುಕುವುದಿಲ್ಲ. ತಾಯಿ ಮಗಳು ಕೂಲಿ ಹುಡುಕಿಕೊಂಡು ತಳಿ ಊರಿನ ಕಡೆಗೆ ಹೊರಟರು.

ಹೊರಡುವ ದಿನ ಸುಬ್ಬಕ್ಕನ ಮುಂದೆ ನಿಂತೆ. ಅಲ್ಲೂ ನನ್ನ ಬಾಯಿ ನನ್ನ ಜಾಣತನವನ್ನೇ ಹೇಳಿತು.

“ನೀನು ಬಿದ್ದಾಗ ಹೆಂಗಿರ್ತೀಯೋ ಅಂಗೇ ಆಡ್ದೆ ಅಕ್ಕಾ... ಅದ್ಕೇ ಎಲ್ರೂ ನಂಬುದ್ರು. ತಪ್ಪಾಯ್ತು.”

ಅವಳು ಗಂಟು ಬಿಗಿಯುತ್ತಲೇ ಹೇಳಿದಳು:

“ಅದು ಹೆಂಗಿರ್ತದೋ ನಂಗೇ ಗೊತ್ತಿಲ್ಲ ಕಣ್ಲಾ. ಕಣ್ ಬಿಟ್ಟಾಗ ಪಕ್ಕದಾಗೆ ಯಾರವ್ರೆ ಅನ್ನೋದೊಂದೇ ನಂಗೆ ಗೊತ್ತಾಗೋದು. ನೀನು ಯಾವತ್ತೂ ಇರ್ಲಿಲ್ಲ.”