ಸೂಲಗಿತ್ತಿ ಹುಟ್ಟಿದ ಬಾವಿ

ಇದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಆಮೇಲೆ ಕೂಡಿಸಿಕೊಂಡದ್ದು ಎಂದು ಆಣೆ ಮಾಡಿ ಹೇಳಲಾರೆ. ಕಲಬುರಗಿಯ ಕೋಟೆಯ ಹಿಂದಿರುವ ನಮ್ಮ ಮನೆಯಲ್ಲಿ ಕಳೆದ ವಾರ ಮೊಮ್ಮಗಳು ಹುಟ್ಟಿದಳು. ಬಾಣಂತಿಯ ಕೋಣೆಯಿಂದ, ಕೆಂಡದ ಮೇಲೆ ಹಾಕಿದ ಅಜವಾನದ ಹೊಗೆ ಪಡಸಾಲೆಗೆ ಬಂತು. ಅದರ ಹಿಂದೆಯೇ ಕಮಲಾಪುರದ ಸೂಲಗಿತ್ತಿಯೂ ನೆನಪಿಗೆ ಬಂದಳು... ಆಕೆಯ ಸೆರಗಿಗೆ ಯಾವಾಗಲೂ ಅದೇ ವಾಸನೆ. ಹಾಗೆಂದು ನನ್ನ ನೆನಪು.

ಆಗ ನಿಜಾಮರ ರಾಜ್ಯ. ಹೈದರಾಬಾದಿನಲ್ಲಿ ಪದವಿ ಮುಗಿಸಿ ನಾನು ಕಮಲಾಪುರಕ್ಕೆ ಮರಳಿದ್ದೆ. ಊರಿನ ಶಾಲೆಯ ಮಾಸ್ತರರು ನಾಲ್ಕೈದು ಜನರನ್ನು ಕೂಡಿಸಿಕೊಂಡು, ಹಿರಿಯರ ನೆನಪುಗಳನ್ನು ಒಂದು ದಪ್ಪ ವಹಿಯಲ್ಲಿ ಬರೆದಿಡುತ್ತಿದ್ದರು. ಆ ರಾಜ್ಯದಲ್ಲಿ ಶುಕ್ರವಾರ ಶಾಲೆಗೆ ರಜೆ; ಅಂದು ಮಧ್ಯಾಹ್ನ ಹಣಮಂತನ ಗುಡಿಯ ಕಟ್ಟೆಯ ಮೇಲೆ ಸೇರುತ್ತಿದ್ದೆವು. ಊರವರಿಗೆ ನಮ್ಮ ಮೇಲೆ ಸಂಶಯ. ಬರೆದದ್ದೆಲ್ಲ ತಹಸೀಲ್ದಾರರ ಕೈಸೇರಿ ಹೊಸ ತೆರಿಗೆ ಬೀಳುತ್ತದೆಂದು ಕೆಲವರು ನಮ್ಮನ್ನು ಕಂಡೊಡನೆ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು. ನನಗೋ ಹೇಳುವವರ ಮೇಲೆಯೇ ಸಂಶಯ. ಹೀಗಾಗಿ ಒಂದು ಕಟ್ಟಳೆ ತಂದೆ: ಬೇರೆ ಬೇರೆ ಮನೆಯ ಇಬ್ಬರು ಹೇಳಿದರೆ ಮಾತ್ರ ಒಂದು ಮಾತು ವಹಿಯಲ್ಲಿ ಉಳಿಯಬೇಕು.

ಊರಿನ ವರ್ಷಗಳೆಲ್ಲ ಸೂಲಗಿತ್ತಿಯ ಬಾಯಲ್ಲಿದ್ದವು. ಗುಡಿಯ ಗೋಡೆ ಬಿದ್ದದ್ದು ಯಾವಾಗ ಎಂದರೆ, ಅಂದು ಯಾರ ಮನೆಯಲ್ಲಿ ಯಾವ ಕೂಸು ಹುಟ್ಟಿತೆಂದು ನೆನೆದು, ಆ ಕೂಸಿನ ವಯಸ್ಸಿನಿಂದ ಎಣಿಸುತ್ತಿದ್ದಳು. ಎಲ್ಲರ ಹುಟ್ಟು ಹೇಳಿದವಳು ಒಂದು ಶುಕ್ರವಾರ ತನ್ನದನ್ನೂ ಬರೆಯಿರಿ ಎಂದು ಬಂದು ಕೂತಳು.

"ಬರಗಾಲದಾಗ ನಮ್ಮವ್ವ ಊರ ಮುಂದಿನ ಬಾವಿ ತೋಡಾಕ ಹೋಗಿದ್ಳು. ಮಣ್ಣು ಹೊರಾಕತ್ತಾಗನೇ ಬ್ಯಾನಿ ಬಂತು. ನಾ ಬಾವ್ಯಾಗೇ ಹುಟ್ಟೀನಿ. ಆಕಿ ಮ್ಯಾಲ ಬರ್ಲೇ ಇಲ್ಲ. ಕಲ್ಲು ಕಡಿಯಾಂವ ಮನಸಿಗೆ ಹಚ್ಚಿಕೊಂಡು ಕಟ್ಟಕಡೀ ಮೆಟ್ಟಲದ ಮ್ಯಾಲ ಒಂದು ತೊಟ್ಟಲ ಕೆತ್ತ್ಯಾನ. ನಮ್ಮಾಯಿ ಹೇಳ್ಯಾಳ. ನನ್ನ ಹೆಸರು ಬ್ಯಾಡ, ನಮ್ಮವ್ವಂದು ಬರಕೋರಿ."

ತಾಯಿಯ ಹೆಸರನ್ನೂ ಹೇಳಿದಳು. ಮಾಸ್ತರರು ಬರೆದುಕೊಂಡರು.

ಆ ಬಾವಿಯನ್ನು ಊರ ಗೌಡರ ಅಜ್ಜ ಒಳ್ಳೆಯ ಬೆಳೆಯ ಕಾಲದಲ್ಲಿ ಕಟ್ಟಿಸಿದ್ದು, ಅಲ್ಲಿ ಯಾರೂ ಸತ್ತಿಲ್ಲ ಎಂಬುದು ಊರಿನ ಮಾತು. ಗೌಡರಿಗೂ ಮಾಸ್ತರರಿಗೂ ಸರಿಯಿರಲಿಲ್ಲ. ಮಾಸ್ತರರೇ ಈ ಕಥೆ ಕಲಿಸಿ ಕೂರಿಸಿದ್ದಾರೆಂದು ನನಗೆ ಅನ್ನಿಸಿತು.

"ಇದನ್ನ ಹೇಳವರು ಇನ್ನೊಬ್ಬರು ಯಾರರೆ ಅದಾರೇನು, ಆಯಿ?"

"ಎಲ್ಲಿಂದ ತರಲೋ? ಕಂಡವರೆಲ್ಲ ಮಣ್ಣಾಗ್ಯಾರ."

"ಆ ತೊಟ್ಟಲಾ?"

"ನೀರಾಗ ಅದ. ಆ ಬಾವಿ ಬತ್ತಿದ್ದು ಯಾರು ನೋಡ್ಯಾರ?"

ನಾನು ಕಟ್ಟಳೆ ಹೇಳಿ, ಇದಕ್ಕೆ ಗೀಟು ಹೊಡೆಯಬೇಕಾಗುತ್ತದೆ ಎಂದೆ. ಆಕೆ ನಕ್ಕಳು.

"ಭಾಳ ಓದಿ ಬಂದೀದಿ ಬಿಡು, ತಮ್ಮಾ. ಪ್ಲೇಗಿನ್ಯಾಗ ಊರು ಬಿಟ್ಟು ಹೊಲದಾಗಿದ್ದಾಗ ನೀ ಹುಟ್ಟೀದಿ. ಗುಡಿಸಲದಾಗ ನಿಮ್ಮವ್ವ, ನಾನು, ಇಬ್ಬರೇ. ಆಕಿ ಹೋದಳು. ನೀ ಹುಟ್ಟೀದಿ ಅಂತ ಹೇಳವರು ಇನ್ನೊಬ್ಬರು ಯಾರು ಅದಾರ? ನಿನಗೂ ಗೀಟು ಹೊಡೀಲೇನು?"

ಕಟ್ಟೆಯ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಕಾಲೇಜಿನ ಅರ್ಜಿಯಲ್ಲಿದ್ದ ಹುಟ್ಟಿದ ದಿನವೂ ಆಕೆಯೇ ಹೇಳಿದ್ದು. ಸಿಟ್ಟು ಬಂತು. ವಹಿ ಎಳೆದುಕೊಂಡು ಆ ಸಾಲುಗಳ ಮೇಲೆ ಗೀಟು ಹೊಡೆದೆ, ಒಂದಲ್ಲ, ನಾಲ್ಕಾರು. ಮಾಸ್ತರರು ತಡೆಯಲಿಲ್ಲ, ಅದೂ ನನ್ನ ಸಂಶಯವನ್ನೇ ಹೆಚ್ಚಿಸಿತು. ಆಗ ಆಕೆಯ ಮುಖ ಹೇಗಿತ್ತು... ಎಷ್ಟು ಯೋಚಿಸಿದರೂ ಕಣ್ಣಿಗೆ ಬರುವುದಿಲ್ಲ. ಸೆರಗು ಕೊಡವಿಕೊಂಡು ಕಟ್ಟೆ ಇಳಿದಳು. ಮತ್ತೆ ಬರಲಿಲ್ಲ. ಆಕೆ ತೀರಿಕೊಂಡಾಗ ನಾನು ಕಲಬುರಗಿಯಲ್ಲಿದ್ದೆ, ಮಣ್ಣಿಗೂ ಹೋಗಲಿಲ್ಲ.

ಈಗ ಮಾಸ್ತರರೂ ಇಲ್ಲ. ವಹಿ ನನ್ನ ಕಪಾಟಿನಲ್ಲಿದೆ. ಅಜವಾನದ ಹೊಗೆ ಬಂದ ದಿನ ತೆಗೆದು ನೋಡಿದೆ. ಸಾಲುಗಳನ್ನು ಹೇಗೋ ಓದಬಹುದು. ಆ ತಾಯಿಯ ಹೆಸರನ್ನು ಮಾತ್ರ ನನ್ನ ಶಾಯಿ ಪೂರಾ ನುಂಗಿದೆ. ಅದನ್ನು ಕೇಳೋಣವೆಂದರೆ ಊರಿನಲ್ಲಿ ಬಲ್ಲವರು ಒಬ್ಬರೂ ಉಳಿದಿಲ್ಲ.

ಸೂಲಗಿತ್ತಿ ಬಾವಿಯಲ್ಲಿಯೇ ಹುಟ್ಟಿದಳೋ, ಮಾಸ್ತರರು ಕಲಿಸಿದ್ದರೋ, ನನಗೆ ಇಂದಿಗೂ ಗೊತ್ತಿಲ್ಲ. ಹೋದ ಬೇಸಿಗೆಯಲ್ಲಿ ಹೂಳು ತೆಗೆಯಲೆಂದು ಆ ಬಾವಿಯ ನೀರನ್ನೆಲ್ಲ ಹೊರಹಾಕಿದಾಗ ಕಮಲಾಪುರಕ್ಕೆ ಹೋಗಿ, ನಾನೇ ಇಳಿದು, ಅಂಗೈಯಿಂದ ಕೆಸರು ಒರೆಸಿ ನೋಡಿದೆ. ಕಟ್ಟಕಡೆಯ ಮೆಟ್ಟಿಲಿನ ಮೇಲೆ ಗೇಣುದ್ದದ ತೊಟ್ಟಿಲು ಕೆತ್ತಿದೆ.